ಕೈಮ, ಚೀಸು ಮತ್ತು ಮದ್ರಾಸಿನ ಸೆಕೆ

ಕೋಯಂಬೇಡಿನ ಬಸ್ ನಿಲ್ದಾಣ ಶುರುವಾದದ್ದು 2002ರಲ್ಲಿ. ಅಲ್ಲಿಂದ ಮುಂದೆ ಎರಡು ದಶಕ, ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದವರಿಗೆ ಚೆನ್ನೈ ಎಂದರೆ ಮೊದಲು ಕಾಣುತ್ತಿದ್ದುದು ಈ ನಿಲ್ದಾಣದ ಸುತ್ತಲಿನ ಚಹಾ ಅಂಗಡಿಗಳು, ಅವುಗಳ ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಬಲ್ಬಿನ ಕೆಳಗೆ ಸಾಲಾಗಿ ಕೂತ ಪಫ್ಸು. ಮೊಟ್ಟೆ ಪಫ್ಸು, ಚಿಕನ್ ಪಫ್ಸು. ಚಿಕನ್ ಪಫ್ಸನ್ನು ಕಚ್ಚಿದರೆ ಮೊದಲು ಪದರ, ಆಮೇಲೆ ಗಾಳಿ, ಆಮೇಲೆ ಈರುಳ್ಳಿ, ಕೊನೆಗೆ ಅದೃಷ್ಟವಿದ್ದರೆ ಕೋಳಿ. ಹಸಿದ ಹೊಟ್ಟೆಗೆ ಅದೂ ರುಚಿಯೇ. ಆದರೆ ಮಾಂಸ ತಿನ್ನಬೇಕೆಂದು ಹೋದವರಿಗೆ ಮೋಸ.

ಮನೆಯಲ್ಲಿ ಮಾಂಸ ತುಂಬಿದ ಬಿಸ್ಕತ್ತು ಸುಡಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಇನ್ನೊಂದು ಕಾರಣ ಆ ಪದರದಲ್ಲೇ ಇದೆ. ಬೇಕರಿ ಪಫ್ಸಿನ ಪದರಗಳನ್ನು ಬಿಡಿಸಿಡುವುದು ಬೆಣ್ಣೆಯಲ್ಲ, ಮಾರ್ಗರಿನ್. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ. ಚೆನ್ನೈನ ಬೇಕರಿಯ ಹಿಂಬದಿ ಕೋಣೆಯಲ್ಲಿ, ಒಲೆಯ ಪಕ್ಕದಲ್ಲಿ, ಬೆಣ್ಣೆಯನ್ನು ಹಿಟ್ಟಿನೊಳಗಿಟ್ಟು ಮಡಿಸಿ ಲಟ್ಟಿಸುವುದು ಆಗದ ಮಾತು. ಪಫ್ಸಿಗೆಂದೇ ಬರುವ ಮಾರ್ಗರಿನ್ ಇನ್ನೂ ಹೆಚ್ಚಿನ ಬಿಸಿಗೆ ಕರಗುವಂತೆ ತಯಾರಾದದ್ದು. ಹಾಗಾಗಿಯೇ ತಣ್ಣಗಾದ ಪಫ್ಸು ತಿಂದಾಗ ಅಂಗುಳಿಗೆ ಮೇಣದಂಥದ್ದೊಂದು ಅಂಟಿಕೊಳ್ಳುತ್ತದೆ. ಬಾಯಿಯ ಬಿಸಿಗೆ ಅದು ಕರಗುವುದಿಲ್ಲ. ಇಂಥ ಕೊಬ್ಬಿನಲ್ಲಿ ಹಿಂದೆ ಟ್ರಾನ್ಸ್ ಫ್ಯಾಟ್ ಧಾರಾಳವಾಗಿರುತ್ತಿತ್ತು. 2022ರ ಜನವರಿಯಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಶೇ 2ರ ಮಿತಿ ಹಾಕಿದೆ. ಒಳ್ಳೆಯದೇ ಆಯಿತು. ಆದರೆ ಬೆಣ್ಣೆಯ ರುಚಿಯನ್ನು ಯಾವ ಕಾನೂನೂ ತರಲಾರದು.

ಇಲ್ಲಿ ಬಿಸ್ಕತ್ತು ಎಂದಾಗ ಚಹಾಕ್ಕೆ ಅದ್ದುವ ಬಿಸ್ಕತ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಅಮೆರಿಕದ ದಕ್ಷಿಣ ರಾಜ್ಯಗಳ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮಾಡುವ, ಹೊರಗೆ ಗರಿ, ಒಳಗೆ ಮೆತ್ತಗಿರುವ ದಪ್ಪ ಬಿಸ್ಕತ್ತು ಇದು. ಅಲ್ಲಿನವರು ಅದನ್ನು ಸೀಳಿ ಹಂದಿಯ ಹ್ಯಾಮನ್ನೋ ಸಾಸೇಜನ್ನೋ ಇಟ್ಟು ತಿನ್ನುತ್ತಾರೆ. ಸುಡುವ ಮೊದಲೇ ಮಾಂಸ, ಚೀಸು ತುಂಬಿ ಮುಚ್ಚುವುದೂ ಉಂಟು. ಇದಕ್ಕೆ ಯೀಸ್ಟ್ ಬೇಡ, ಹಿಟ್ಟು ಹುಳಿಯಲು ಕಾಯಬೇಕಿಲ್ಲ, ಪಫ್ಸಿನ ಹಾಗೆ ನೂರಾರು ಪದರ ಮಡಿಸುವ ಕಸರತ್ತಿಲ್ಲ. ಮೈದಾ, ಬೆಣ್ಣೆ, ಮೊಸರು, ಸೋಡಾ ಇಷ್ಟೇ. ಮನೆಯ ಸಣ್ಣ ಓವನ್ನಿಗೆ ಪಫ್ಸಿಗಿಂತ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಹೊಟ್ಟೆಯೊಳಗೆ ಹೂರಣ ಇಟ್ಟುಕೊಂಡ ತಿಂಡಿ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1898ರಷ್ಟು ಹಿಂದೆಯೇ ಹಾಸನದ ಕಡೆಯ ಅಯ್ಯಂಗಾರರು ಬೇಕರಿ ತೆರೆದರು. ಆ ಪರಂಪರೆಯ ಬೇಕರಿಗಳು ನಮಗೆ ಪಲ್ಯ ತುಂಬಿದ ಬನ್ನನ್ನೂ ಕೊಬ್ಬರಿ ತುಂಬಿದ ದಿಲ್‌ಪಸಂದನ್ನೂ ಕೊಟ್ಟವು. ಆದರೆ ಅಲ್ಲಿ ಮೊಟ್ಟೆಗೂ ಜಾಗವಿರಲಿಲ್ಲ, ಮಾಂಸದ ಮಾತು ದೂರ. ಮಾಂಸಕ್ಕೆ ದಂಡು ಪ್ರದೇಶಕ್ಕೇ ಹೋಗಬೇಕು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ 1902ರಿಂದ ನಡೆದುಬಂದ ಆಲ್ಬರ್ಟ್ ಬೇಕರಿಯ ಮಟನ್ ಪಫ್ಸು, ಖೀಮಾ ಸಮೋಸ, ಭೇಜಾ ಪಫ್ಸು ಇವತ್ತಿಗೂ ಹೆಸರುವಾಸಿ. ಮಧ್ಯಾಹ್ನ ಬಾಗಿಲು ತೆಗೆದರೆ ಸಂಜೆಗೆಲ್ಲ ಖಾಲಿ. ಮದ್ರಾಸಿನಲ್ಲೂ ಹಳೆಯ ಬೇಕರಿಗಳಿವೆ, ವೇಪೇರಿಯ ಸ್ಮಿತ್ ಫೀಲ್ಡ್ 1885ರದ್ದು. ಆದರೆ ಮದ್ರಾಸಿನಲ್ಲಿ ಕನ್ನಡಿಗರ ಊಟ ಎಂದರೆ ಜನರ ನೆನಪಿಗೆ ಬರುವುದು ಉಡುಪಿ ಹೋಟೆಲು: ವುಡ್‌ಲ್ಯಾಂಡ್ಸಿನ ಕೆ. ಕೃಷ್ಣರಾವ್, ದಾಸಪ್ರಕಾಶದ ಕೆ. ಸೀತಾರಾಮರಾವ್ ಇವರು ಕಟ್ಟಿದ ಇಡ್ಲಿ–ದೋಸೆ–ಸಾಂಬಾರಿನ ಸಾಮ್ರಾಜ್ಯ. ಅದರ ಖ್ಯಾತಿ ಎಷ್ಟು ದೊಡ್ಡದೆಂದರೆ, ಕನ್ನಡ ಮಾತಾಡುವವರ ಮನೆಯಲ್ಲಿ ಮಾಂಸದ ಅಡುಗೆ ಎಂದರೆ ಚೆನ್ನೈನ ಅರುಂಬಾಕ್ಕಮ್ಮಿನಲ್ಲಿ ಪಕ್ಕದ ಮನೆಯವರು ಇವತ್ತಿಗೂ ಹುಬ್ಬೇರಿಸುತ್ತಾರೆ. ಕೈಮ ಉಂಡೆ ಸಾರು ಮಾಡುವ ಮಂಡ್ಯದವರು, ಕೋರಿ ರೊಟ್ಟಿಯ ಮಂಗಳೂರಿನವರು ಈ ಊರಿಗೆ ಬಂದು ನೆಲೆಸಿದ್ದರೂ ಅವರ ಅಡುಗೆ ಹೋಟೆಲಿನ ಬೋರ್ಡಿಗೆ ಏರದೆ ಅಡುಗೆಮನೆಯಲ್ಲೇ ಉಳಿಯಿತು.

ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡುಗೆಗಳು ವಿಸ್ತಾರವಾಗಿಯೇ ಬರುತ್ತವೆ. ಬದನೆಕಾಯಿ ಕೊರೆದು ಅದರೊಳಗೆ ಕೊಚ್ಚಿದ ಮಾಂಸ ತುಂಬುವ ಕ್ರಮವೂ ಅದರಲ್ಲಿದೆ. ಸುಡುವ ಕ್ರಮಕ್ಕೆ ಮೂರನೆಯ ಮಂಗರಸನನ್ನು ಕೇಳಬೇಕು. 16ನೇ ಶತಮಾನದ ಆರಂಭದ ಈ ಜೈನ ಕವಿ ಕನ್ನಡದಲ್ಲೇ ಬರೆದ ‘ಸೂಪಶಾಸ್ತ್ರ’ ಪೂರ್ತಿ ಸಸ್ಯಾಹಾರದ್ದು. ಅದರಲ್ಲೊಂದು ಮುಚ್ಚಳ ರೊಟ್ಟಿ ಬರುತ್ತದೆ: ಗೋಧಿ ಹಿಟ್ಟಿನ ಕಣಕವನ್ನು ಎರಡು ಪಾತ್ರೆಗಳ ನಡುವೆ ಇಟ್ಟು, ಮೇಲೂ ಕೆಳಗೂ ಕೆಂಡ ಹಾಕಿ ಬೇಯಿಸುವುದು. ಇವತ್ತಿನ ಓವನ್ನಿನ ಎರಡು ಕಂಬಿಗಳು ಮಾಡುವ ಕೆಲಸವೂ ಅದೇ. ಕಾಸರಗೋಡಿನ ಮುಸ್ಲಿಂ ಮನೆಗಳಲ್ಲಿ ಈ ಕೆಂಡದ ವಿದ್ಯೆ ಮಾಂಸದ ಜೊತೆ ಸೇರಿತು. ಅಲ್ಲಿನ ಚಟ್ಟಿಪತ್ತಿರಿ ಎಂದರೆ ತೆಳ್ಳನೆಯ ದೋಸೆಯಂಥ ಹಾಳೆಗಳನ್ನು ಮೊಟ್ಟೆ ಕಲಸಿದ ಹಾಲಿನಲ್ಲಿ ಅದ್ದಿ, ನಡುನಡುವೆ ಮಾಂಸದ ಮಸಾಲೆ ಹರಡಿ, ದಪ್ಪ ತಳದ ಪಾತ್ರೆಯಲ್ಲಿ ಒಂದರ ಮೇಲೊಂದು ಜೋಡಿಸಿ, ಮುಚ್ಚಳದ ಮೇಲೆ ಕೆಂಡ ಸುರಿದು ಸುಡುವ ತಿಂಡಿ. ರಂಜಾನಿನ ಸಂಜೆಗಳಲ್ಲಿ ಅದರ ಘಮ ಬೀದಿಗೇ ಬರುತ್ತದೆ. ಹಾಗಾಗಿ ಮಾಂಸ ತುಂಬಿದ ಬಿಸ್ಕತ್ತಿನಲ್ಲಿ ನಮಗೆ ಹೊಸದು ಅಂತಿದ್ದರೆ ಚೀಸು ಒಂದೇ.

ಸಾಮಾನು ತರಲು ಕೋಯಂಬೇಡು ಮಾರುಕಟ್ಟೆಗೆ ಹೋಗುವವರು ಒಂದು ವಿಷಯ ನೆನಪಿಡಬೇಕು. ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯ ಇಕ್ಕಟ್ಟು ತಾಳಲಾರದೆ 1996ರಲ್ಲಿ ಇಲ್ಲಿಗೆ ಬಂದ ಈ ಸಗಟು ಸಂತೆ ತರಕಾರಿ, ಹಣ್ಣು, ಹೂವಿನದ್ದು. ಸುಮಾರು 295 ಎಕರೆ, ಮೂರು ಸಾವಿರಕ್ಕೂ ಹೆಚ್ಚು ಅಂಗಡಿ, ಮಾಂಸ ಮಾತ್ರ ಇಲ್ಲ. ರಾತ್ರಿ ಲಾರಿ ಬಂದು ಬೆಳಗಿನ ಜಾವಕ್ಕೆ ಸಗಟು ವ್ಯಾಪಾರ ಮುಗಿಯುತ್ತದೆ. ಮನೆಗೆ ಕೊಳ್ಳುವವರು ಬೆಳಕು ಹರಿದ ಮೇಲೆ ಹೋದರೆ ಸಾಕು. ಟೊಮೆಟೊ ಅಂಗಡಿಯ ಮುಂದೆ ಕೋಲಾರದ ಕ್ರೇಟುಗಳು, ಈರುಳ್ಳಿ ಮಂಡಿಯಲ್ಲಿ ಕರ್ನಾಟಕದ ಮೂಟೆಗಳು ಕಾಣುತ್ತವೆ. ಹೂರಣಕ್ಕೆ ಟೊಮೆಟೊ ಬೇಡ, ಅದರ ನೀರೇ ನಮಗೆ ಶತ್ರು. ಈರುಳ್ಳಿಯಲ್ಲೂ ಸಣ್ಣ ಸಾಂಬಾರ್ ಈರುಳ್ಳಿ ಉತ್ತಮ, ದೊಡ್ಡದಕ್ಕಿಂತ ಅದರಲ್ಲಿ ನೀರು ಕಡಿಮೆ, ಘಾಟು ಹೆಚ್ಚು. ಸುಲಿಯುವ ತಾಳ್ಮೆ ಇಲ್ಲದವರು ದೊಡ್ಡದನ್ನೇ ಹಾಕಿ ಹೆಚ್ಚು ಹೊತ್ತು ಹುರಿಯಲಿ. ಕೊತ್ತಂಬರಿ, ಪುದೀನ, ಶುಂಠಿ, ಹಸಿಮೆಣಸು ಎಲ್ಲ ಇಲ್ಲೇ.

2020ರ ಮೇ ತಿಂಗಳಲ್ಲಿ ಕೊರೊನಾ ಹರಡಿ ಈ ಮಾರುಕಟ್ಟೆಯನ್ನೇ ಮುಚ್ಚಿ ತರಕಾರಿ ವ್ಯಾಪಾರವನ್ನು ತಿರುಮಳಿಶೈಗೆ ಸಾಗಿಸಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ತೆರೆಯಿತು. ಜನ ಮನೆಯಲ್ಲೇ ಉಳಿದಿದ್ದ ಆ ತಿಂಗಳುಗಳಲ್ಲೇ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಓವನ್ ಕೊಂಡವರು ಬಹಳ. ಆಗ ಬಾಳೆಹಣ್ಣಿನ ಕೇಕ್ ಸುಟ್ಟ ಆ ಓವನ್‌ಗಳ ಪೈಕಿ ಹಲವು ಈಗ ಅಟ್ಟದ ಮೇಲಿವೆ. ಅವನ್ನು ಇಳಿಸಲು ಇದೊಂದು ನೆಪ.

ಈಗ ಮಾಂಸಕ್ಕೆ ಬರೋಣ. ತಮಿಳರು ಕೊತ್ತುಕರಿ ಎನ್ನುವುದನ್ನೇ ನಾವು ಕೈಮ ಎನ್ನುವುದು. ಅಂಗಡಿಯವನಿಗೆ ತೊಡೆಯದ್ದನ್ನು ಕೊಡು, ಕೊಬ್ಬು ತೆಗೆದು ಕೊಚ್ಚು ಎಂದು ನಿಂತು ಹೇಳಿ. ಕುರಿ, ಮೇಕೆಯ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ಬಿಸ್ಕತ್ತು ಸ್ವಲ್ಪ ಆರಿದರೂ ಆ ಕೊಬ್ಬು ನಾಲಗೆಗೆ ಬಿಳಿಯ ಲೇಪ ಹಾಕುತ್ತದೆ. ಬೆಣ್ಣೆಯೂ ಚೀಸೂ ಇರುವಾಗ ಮೂರನೆಯ ಕೊಬ್ಬು ಯಾಕೆ? ಕೋಳಿಯಾದರೆ ತೊಡೆಯ ಮಾಂಸವೇ ಸರಿ, ಎದೆಯದ್ದು ಎರಡು ಸಲ ಬೆಂದು ನಾರಾಗುತ್ತದೆ. ದನದ ಮಾಂಸ ತಿನ್ನುವವರಿಗೆ ಅದರ ಕೈಮ ಇನ್ನೂ ಚೆನ್ನಾಗಿ ಒಗ್ಗುತ್ತದೆ, ಬೇಯಲು ಮಾತ್ರ ಹೆಚ್ಚು ಹೊತ್ತು ಬೇಕು. ಹಸಿ ಮಾಂಸವನ್ನೇ ತುಂಬಿ ಸುಡಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಹಿಟ್ಟು ಕಂದುಬಣ್ಣಕ್ಕೆ ಬರುವ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಒಳಗಿನ ಮಾಂಸ ಬೇಯುತ್ತದೆಂಬ ಖಾತರಿ ಇಲ್ಲ. ಬೆಂದರೂ ಅದು ಬಿಡುವ ರಸವೆಲ್ಲ ತಳದ ಹಿಟ್ಟಿಗಿಳಿದು ಹಸಿಹಸಿಯಾಗುತ್ತದೆ. ಅಮೆರಿಕದ ಪಾಕವಿಧಾನಗಳಲ್ಲಿ ಬರುವ ಹ್ಯಾಮು, ಬೇಕನ್ನು ಮೊದಲೇ ಉಪ್ಪಿನಲ್ಲಿ ಹದಗೊಂಡು ಒಣಗಿದವು. ನಮ್ಮ ಕೈಮಕ್ಕೆ ಆ ಅನುಕೂಲವಿಲ್ಲ.

ಎಂಟು ಬಿಸ್ಕತ್ತಿಗೆ 300 ಗ್ರಾಂ ಕೈಮ ಸಾಕು. ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು ಬಟ್ಟಲು, ಅದು ಕೆಂಪಾದ ಮೇಲೆ ಶುಂಠಿ–ಬೆಳ್ಳುಳ್ಳಿ ಅರೆದದ್ದು ಒಂದು ದೊಡ್ಡ ಚಮಚ, ಮೂರು ಹಸಿಮೆಣಸು, ಚಿಟಿಕೆ ಅರಿಶಿನ. ಕೈಮ ಹಾಕಿ ಗಂಟು ಒಡೆಯುತ್ತ ಹುರಿಯಿರಿ. ಮಾಂಸ ಮೊದಲು ನೀರು ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ, ನೀರು ಆರಿದ ಮೇಲೆ ಎಣ್ಣೆಯಲ್ಲಿ ಚಟಪಟ ಎನ್ನುತ್ತದೆ. ಆ ಸದ್ದು ಬರುವವರೆಗೆ ಒಲೆ ಆರಿಸಬಾರದು. ಎರಡು ಚಮಚ ಧನಿಯಾ ಪುಡಿ, ಕಾಲು ಚಮಚ ಚಕ್ಕೆ–ಲವಂಗದ ಪುಡಿ, ಕಾಳುಮೆಣಸು. ಉಪ್ಪು ಎಂದಿನದಕ್ಕಿಂತ ಅರ್ಧ ಮಾತ್ರ, ಚೀಸಿನಲ್ಲಿ ಬೇಕಾದಷ್ಟು ಇದೆ.

ಇನ್ನೊಂದು ಸಾಮಾನು ಯಾವ ವಿದೇಶಿ ಪಾಕವಿಧಾನದಲ್ಲೂ ಇರುವುದಿಲ್ಲ: ಹುರಿಗಡಲೆ ಪುಡಿ. ಕೈಮ ಉಂಡೆ ಮಾಡುವ ನಮ್ಮ ಮನೆಗಳಲ್ಲಿ ಉಂಡೆ ಸಾರಿನಲ್ಲಿ ಒಡೆಯದಿರಲಿ ಎಂದು ಹುರಿಗಡಲೆಯನ್ನು ಪುಡಿ ಮಾಡಿ ಬೆರೆಸುತ್ತಾರೆ. ಮೊದಲೇ ಹುರಿದು ಬೆಂದ ಕಾಳಾದ್ದರಿಂದ ಅದಕ್ಕೆ ಹಸಿ ವಾಸನೆ ಇಲ್ಲ, ಮತ್ತೆ ಬೇಯಿಸಬೇಕಾಗಿಲ್ಲ, ನೀರನ್ನು ಸರಕ್ಕನೆ ಹೀರುತ್ತದೆ. ಒಲೆಯಿಂದ ಇಳಿಸಿದ ಕೈಮಕ್ಕೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ ಬೆರೆಸಿದರೆ, ಉಳಿದ ಜಿಡ್ಡನ್ನೂ ಪಸೆಯನ್ನೂ ಹಿಡಿದಿಟ್ಟುಕೊಂಡು ಹೂರಣ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಹದಕ್ಕೆ ಬರುತ್ತದೆ. ಬ್ರೆಡ್ಡಿನ ಪುಡಿ, ಮೈದಾದ ಬಿಳಿ ಸಾಸು ಇವೆಲ್ಲಕ್ಕಿಂತ ಇದು ಮೇಲು. ಉಂಡೆಗೆ ಹಾಕುವ ತೆಂಗಿನಕಾಯಿಯನ್ನು ಮಾತ್ರ ಇಲ್ಲಿ ಬಿಡಿ. ಪಸೆಯೂ ಹೆಚ್ಚು, ಬೇಗ ಹಳಸುತ್ತದೆ. ಕೊತ್ತಂಬರಿ–ಪುದೀನ ಹಾಕಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಆರಿಸಿ, ಫ್ರಿಜ್ಜಿಗಿಡಿ. ಬಿಸಿ ಹೂರಣ ತುಂಬಿದರೆ ಹಿಟ್ಟಿನ ಬೆಣ್ಣೆ ಅಲ್ಲೇ ಕರಗಿಹೋಗುತ್ತದೆ.

ಚೀಸಿನ ಆಯ್ಕೆ ಸಣ್ಣ ವಿಷಯವಲ್ಲ. ಪನೀರ್ ಇಲ್ಲಿ ನಡೆಯದು. ಹುಳಿ ಹಿಂಡಿ, ಬಿಸಿಯಲ್ಲೇ ಒಡೆಸಿ ಕಟ್ಟಿದ್ದಾದ್ದರಿಂದ ಅದು ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಮೊಝರೆಲ್ಲಾ ಚೀಸು ಕರಗಿ ಎಳೆ ಬಿಡುತ್ತದೆ, ನೋಡಲು ಚೆಂದ, ರುಚಿ ಸಪ್ಪೆ, ಜೊತೆಗೆ ನೀರು ಹೆಚ್ಚು. ಹದವಾಗಿ ಹಳತಾದ ಚೆಡ್ಡರ್ ರುಚಿಯಲ್ಲಿ ರಾಜ, ಆದರೆ ಓವನ್ನಿನ ಬಿಸಿಗೆ ಅದರ ಪ್ರೋಟೀನು ಬಿಗಿದು ಕೊಬ್ಬು ಬೇರೆಯಾಗಿ ಎಣ್ಣೆ ಹರಿಯುತ್ತದೆ. ಇಲ್ಲಿ ಗೆಲ್ಲುವುದು ಊರಿನ ಪ್ರತಿ ಅಂಗಡಿಯಲ್ಲೂ ಸಿಗುವ ಸಂಸ್ಕರಿಸಿದ ಚೀಸು. ಅದನ್ನು ಕೀಳಾಗಿ ನೋಡುವವರಿದ್ದಾರೆ. ಆದರೆ ಅದು ಹುಟ್ಟಿದ್ದು ಹೀಗೆ: 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಇಬ್ಬರೂ ಚೀಸನ್ನು ಕಾಯಿಸುವಾಗ ಸೋಡಿಯಂ ಸಿಟ್ರೇಟ್ ಬೆರೆಸಿ ನೋಡಿದರು. ಚೀಸಿನ ಪ್ರೋಟೀನನ್ನು ಬಿಗಿಯಾಗಿ ಕಟ್ಟಿಟ್ಟಿರುವುದು ಕ್ಯಾಲ್ಸಿಯಂ. ಸಿಟ್ರೇಟು ಆ ಕ್ಯಾಲ್ಸಿಯಮ್ಮನ್ನು ಎಳೆದುಕೊಂಡು ಪ್ರೋಟೀನನ್ನು ಸಡಿಲ ಮಾಡುತ್ತದೆ. ಸಡಿಲವಾದ ಪ್ರೋಟೀನು ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡದೆ ಹಿಡಿದುಕೊಳ್ಳುತ್ತದೆ. ಬಿಸಿ ದೇಶಗಳಿಗೆ ಕಳಿಸಿದರೂ ಕೆಡದ ಚೀಸು ಬೇಕೆಂಬ ವ್ಯಾಪಾರಿ ಆಸೆಯಿಂದ ಹುಟ್ಟಿದ ಉಪಾಯ ಅದು. ಚೆನ್ನೈನ ಅಡುಗೆಮನೆಗೆ ಅದಕ್ಕಿಂತ ತಕ್ಕದ್ದು ಯಾವುದಿದೆ?

ಅಮುಲ್ ಚೀಸಿನ 25 ಗ್ರಾಂ ಕ್ಯೂಬು ನಾಲ್ಕು ಸಾಕು, ಬಿಸ್ಕತ್ತಿಗೆ ಅರ್ಧದಂತೆ. ತುರಿಯಬೇಡಿ, ತುಂಡಾಗಿಯೇ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ. ತುರಿದ ಚೀಸು ಬೇಗ ಕರಗಿ ಸಂದು ಹುಡುಕಿಕೊಂಡು ಹೊರಬರುತ್ತದೆ. ಗಟ್ಟಿ ತುಂಡು ಕರಗುವಷ್ಟರಲ್ಲಿ ಸುತ್ತಲಿನ ಹಿಟ್ಟು ಬಿಗಿದಿರುತ್ತದೆ. ರುಚಿ ಸಾಲದು ಎನ್ನುವವರು ಚೆಡ್ಡರ್ ಸ್ವಲ್ಪ ತುರಿದು ಹೂರಣಕ್ಕೇ ಬೆರೆಸಲಿ. ಅದು ಬಿಡುವ ಎಣ್ಣೆಯನ್ನು ಹುರಿಗಡಲೆ ನೋಡಿಕೊಳ್ಳುತ್ತದೆ.

ಹಿಟ್ಟಿನ ಲೆಕ್ಕ ಹೀಗೆ: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಎರಡು ಚಮಚ, ಅಡುಗೆ ಸೋಡಾ ಕಾಲು ಚಮಚ, ಸಕ್ಕರೆ ಅರ್ಧ ಚಮಚ, ಬೆಣ್ಣೆ 100 ಗ್ರಾಂ, ಗಟ್ಟಿ ಮೊಸರು 120 ಮಿಲಿ, ತಣ್ಣನೆಯ ಹಾಲು 40 ಮಿಲಿ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ, ತಮಿಳುನಾಡಿನ ಹಾಲು ಒಕ್ಕೂಟ ಆವಿನ್ನಿನ ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಮಚ ಹಾಕಿ. ಅಮೆರಿಕನ್ನರು ಮಜ್ಜಿಗೆ ಎಂದು ಬರೆದಿರುತ್ತಾರೆ. ಅದನ್ನು ನಂಬಿ ಪ್ಯಾಕೆಟ್ ಮಜ್ಜಿಗೆ ತಂದರೆ ಅದರಲ್ಲಿ ಶುಂಠಿ, ಮೆಣಸು, ಉಪ್ಪು ಎಲ್ಲ ಇರುತ್ತದೆ, ಜೊತೆಗೆ ತೀರ ನೀರು. ಒಂದು ದಿನ ಹಳೆಯ, ಸ್ವಲ್ಪ ಹುಳಿಯಾದ ಮನೆಯ ಮೊಸರೇ ಸರಿ. ಹುಳಿ ಇಲ್ಲಿ ರುಚಿಗಷ್ಟೇ ಅಲ್ಲ. ಅದು ಸೋಡಾದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಹಿಟ್ಟು ಹಗುರಾಗುತ್ತದೆ. ಸೋಡಾದ ಈ ಕೆಲಸ ಕಲಸಿದ ಕೂಡಲೇ ಶುರುವಾಗಿ ಬೇಗ ಮುಗಿಯುತ್ತದೆ. ಬೇಕಿಂಗ್ ಪೌಡರು ಸ್ವಲ್ಪವನ್ನು ಓವನ್ನಿನ ಬಿಸಿಗೆಂದು ಉಳಿಸಿಕೊಳ್ಳುತ್ತದೆ. ಎರಡೂ ಹಾಕುವುದು ಅದಕ್ಕೇ.

ನಿಜವಾದ ಕಷ್ಟ ಬೆಣ್ಣೆಯದ್ದು. ಈ ಬಿಸ್ಕತ್ತಿನ ಗರಿ ಬರುವುದು ಹಿಟ್ಟಿನ ನಡುವೆ ಕರಗದೆ ಉಳಿದ ಬೆಣ್ಣೆಯ ಚೂರುಗಳಿಂದ. ಬೆಣ್ಣೆಯಲ್ಲಿ ಶೇ 16ರವರೆಗೂ ನೀರಿರುತ್ತದೆ. ಬಿಸಿ ಓವನ್ನಿಗೆ ಹೋದೊಡನೆ ಚೂರು ಕರಗಿ ಜಾಗ ಬಿಡುತ್ತದೆ, ಅದರ ನೀರು ಆವಿಯಾಗಿ ಆ ಜಾಗವನ್ನು ಎತ್ತುತ್ತದೆ, ಪದರ ಮೂಡುತ್ತದೆ. ಕಲಸುವಾಗಲೇ ಬೆಣ್ಣೆ ಕರಗಿದರೆ ಹಿಟ್ಟಿಗೆ ಜಿಡ್ಡು ಹತ್ತಿತೇ ಹೊರತು ಪದರವಿಲ್ಲ; ಬರುವುದು ನಿಪ್ಪಟ್ಟಿನ ಹತ್ತಿರದ ಸಂಬಂಧಿ. ಮೇ ತಿಂಗಳಲ್ಲಿ, ಇಲ್ಲಿನವರು ಅಗ್ನಿ ನಕ್ಷತ್ರ ಎನ್ನುವ ದಿನಗಳಲ್ಲಿ, ಹೊರಗೆ 38–40 ಡಿಗ್ರಿ ಇರುವಾಗ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಬೆಣ್ಣೆ ನೋಡನೋಡುತ್ತಲೇ ಕುಸಿದುಬಿಡುತ್ತದೆ. ಇದಕ್ಕೆ ಉಪಾಯ: ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ ತುರಿಮಣೆಯಲ್ಲಿ ತುರಿಯಿರಿ. ಮೈದಾ, ಪಾತ್ರೆ ಎರಡನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಅಂಗೈಯಿಂದ ತಿಕ್ಕಬೇಡಿ, ಬೆರಳ ತುದಿಯಿಂದ ಉದುರಿಸಿ; ಬಟಾಣಿಗಾತ್ರದ ಚೂರುಗಳು ಅಲ್ಲಲ್ಲಿ ಕಾಣುತ್ತಿರಲಿ. ಮೊಸರು–ಹಾಲು ಸುರಿದು ಫೋರ್ಕಿನಿಂದ ತಿರುವಿ, ಒಟ್ಟಾದೊಡನೆ ನಿಲ್ಲಿಸಿ. ಚಪಾತಿಗೆ ನಾದುವ ಕೈಗೆ ಇದು ಬಹಳ ಕಷ್ಟ, ನಾದುತ್ತಲೇ ಹೋಗಬೇಕೆನ್ನಿಸುತ್ತದೆ. ನಾದಿದಷ್ಟೂ ಅಂಟು ಬಲಿತು ಬಿಸ್ಕತ್ತು ರಬ್ಬರಾಗುತ್ತದೆ. ಒಮ್ಮೆ ತಟ್ಟಿ, ಪತ್ರದ ಹಾಗೆ ಮೂರು ಮಡಿಕೆ ಹಾಕಿ, ಮತ್ತೊಮ್ಮೆ ತಟ್ಟಿ ಮಡಿಸಿದರೆ ಮುಗಿಯಿತು. ಇಪ್ಪತ್ತು ನಿಮಿಷ ಫ್ರಿಜ್ಜಿಗೆ.

ತುಂಬುವ ವಿದ್ಯೆ ಹೋಳಿಗೆ ಮಾಡಿದವರಿಗೆ ಹೇಳಿಕೊಡಬೇಕಿಲ್ಲ. ವ್ಯತ್ಯಾಸವೊಂದೇ: ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆನೆದು ಎಳೆದಷ್ಟೂ ಬರುತ್ತದೆ, ಈ ಹಿಟ್ಟು ಎಳೆದರೆ ಹರಿಯುತ್ತದೆ. ಹಾಗಾಗಿ ಎಂಟು ಪಾಲು ಮಾಡಿ, ಪ್ರತಿ ಪಾಲನ್ನೂ ಅಂಗೈ ಅಗಲಕ್ಕೆ ತಟ್ಟಿ, ಅಂಚು ತೆಳ್ಳಗೆ ನಡು ದಪ್ಪ ಇರಿಸಿ. ಒಂದು ಚಮಚ ಕೈಮ, ಅದರ ಮೇಲೆ ಚೀಸಿನ ತುಂಡು, ಮೇಲೆ ಮತ್ತೆ ಸ್ವಲ್ಪ ಕೈಮ. ಚೀಸು ಎಲ್ಲೂ ಹಿಟ್ಟಿಗೆ ತಾಗಬಾರದು. ಅಂಚುಗಳನ್ನು ಮೇಲೆತ್ತಿ ಒತ್ತಿ ಸೇರಿಸಿ, ಬೆಸುಗೆ ಕೆಳಗಾಗುವಂತೆ ತಟ್ಟೆಯಲ್ಲಿ ಕೂರಿಸಿ. ಆಸೆಗೆ ಬಿದ್ದು ಹೆಚ್ಚು ತುಂಬಿದರೆ ಬೆಸುಗೆ ಬಿಟ್ಟೇ ಬಿಡುತ್ತದೆ. ಮೇಲೆ ಚಾಕುವಿನ ತುದಿಯಿಂದ ಒಂದು ಸಣ್ಣ ಸೀಳು, ಆವಿ ಹೋಗಲು. ಮೊಟ್ಟೆಯೋ ಹಾಲೋ ಸವರಿ, ಬೇಕಿದ್ದರೆ ಕರಿಜೀರಿಗೆ ಉದುರಿಸಿ, ಓವನ್ ಕಾಯುವವರೆಗೆ ತಟ್ಟೆ ಸಮೇತ ಫ್ರೀಜರಿಗಿಡಿ.

ಓವನ್ 200 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ಕಂಬಿ, ಕನಿಷ್ಠ ಕಾಲು ಗಂಟೆ ಮೊದಲೇ ಕಾದಿರಬೇಕು. ಅರೆಕಾದ ಓವನ್ನಿನಲ್ಲಿ ಬೆಣ್ಣೆ ತನ್ನ ನೀರು ಆವಿಯಾಗುವ ಮೊದಲೇ ಹರಿದುಹೋಗುತ್ತದೆ. ಸಣ್ಣ ಓವನ್‌ಗಳ ಗುಂಡಿ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ, ಒಳಗಿಡುವ ಥರ್ಮಾಮೀಟರು ಕೊಂಡರೆ ಸಾರ್ಥಕ. 22ರಿಂದ 25 ನಿಮಿಷ. ತಳವನ್ನು ಎತ್ತಿ ನೋಡಿ, ಅದೂ ಕಂದಾಗಿರಬೇಕು. ಒಳಗಿನ ಹೂರಣ 74 ಡಿಗ್ರಿ ಮುಟ್ಟಿದ್ದರೆ ಆರೋಗ್ಯದ ಚಿಂತೆ ಇಲ್ಲ. ತೆಗೆದ ಕೂಡಲೇ ಬಾಯಿಗಿಡಬೇಡಿ, ಕರಗಿದ ಚೀಸು ನಾಲಗೆ ಸುಡುತ್ತದೆ. ಹತ್ತು ನಿಮಿಷ ಜಾಲರಿಯ ಮೇಲೆ ಆರಲಿ. ಕರೆಂಟಿನ ಹೆದರಿಕೆಯೂ ಬೇಡ: 1500 ವ್ಯಾಟಿನ ಓವನ್ ಮುಕ್ಕಾಲು ಗಂಟೆ ಉರಿದರೆ ಹೆಚ್ಚೆಂದರೆ ಒಂದು ಯೂನಿಟ್ ಆಸುಪಾಸು. ತಮಿಳುನಾಡಿನಲ್ಲಿ ಎರಡು ತಿಂಗಳ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಮನೆಗಳಿಗೆ ಉಚಿತ.

ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಒಂದು ಇಂಚು ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್ಟನ್ನೂ ವಿಸಿಲ್ಲನ್ನೂ ತೆಗೆದು, ಚೆನ್ನಾಗಿ ಕಾಯಿಸಿ, ಸ್ಟ್ಯಾಂಡಿನ ಮೇಲೆ ತಟ್ಟೆ ಇಟ್ಟು 35–40 ನಿಮಿಷ ಸುಡಬಹುದು. ತಳ ಕಂದಾಗುತ್ತದೆ, ಮೇಲೆ ಬಿಳಿಚಿಕೊಂಡಿರುತ್ತದೆ. ಮೇಲಿನ ಕೆಂಡ ಇಲ್ಲದ ಒಲೆಯ ಮಿತಿ ಇದು, ಮಂಗರಸನಿಗೂ ಕಾಸರಗೋಡಿನ ಅಡುಗೆಯವರಿಗೂ ಚೆನ್ನಾಗಿ ಗೊತ್ತಿದ್ದದ್ದು. ಕೊನೆಯಲ್ಲಿ ಬಿಸಿ ಕಾವಲಿಗೆ ತುಪ್ಪ ಸವರಿ ಬಿಸ್ಕತ್ತನ್ನು ಬೋರಲು ಹಾಕಿದರೆ ಬಣ್ಣ ಬರುತ್ತದೆ. ಗರಿ ಮಾತ್ರ ಓವನ್ನಿನಷ್ಟು ಬರದು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮಕ್ಕಳ ಡಬ್ಬಿಗೆ ಹಾಕಿ ಕಳಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಬೆಳಗ್ಗೆ ಏಳಕ್ಕೆ ಡಬ್ಬಿಗೆ ಬಿದ್ದ ಮಾಂಸ ಮಧ್ಯಾಹ್ನದ ಊಟದ ಹೊತ್ತಿಗೆ ಐದಾರು ಗಂಟೆ ಚೆನ್ನೈನ ಸೆಕೆಯಲ್ಲಿ ಕೂತಿರುತ್ತದೆ. ಬೇಯಿಸಿದ ಮಾಂಸವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದೆನ್ನುವುದು ಸಾಮಾನ್ಯ ನಿಯಮ. ಸೆಕೆಯಲ್ಲಿ ಅದು ಇನ್ನೂ ಕಡಿಮೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಓವನ್ನಿನಲ್ಲೋ ಮುಚ್ಚಿದ ಕಾವಲಿಯ ಮೇಲೋ ಬಿಸಿ ಮಾಡಿ. ಮೈಕ್ರೋವೇವು ಗರಿಯನ್ನೆಲ್ಲ ಮೆತ್ತಗೆ ಮಾಡಿಬಿಡುತ್ತದೆ. ಇದಕ್ಕಿಂತ ಜಾಣತನ ಎಂದರೆ ತುಂಬಿದ ಬಿಸ್ಕತ್ತನ್ನು ಸುಡದೆಯೇ ಫ್ರೀಜರಿನಲ್ಲಿಡುವುದು. ಒಂದು ತಿಂಗಳವರೆಗೆ ತೊಂದರೆಯಿಲ್ಲ. ನೆಂಟರು ಬಂದಾಗ ಕರಗಿಸದೆ ನೇರವಾಗಿ ಓವನ್ನಿಗೆ ಹಾಕಿ ಆರೇಳು ನಿಮಿಷ ಹೆಚ್ಚು ಸುಟ್ಟರಾಯಿತು. ಹೀಗೆ ಮಂಜುಗಟ್ಟಿದ ಬಿಸ್ಕತ್ತು ತಾಜಾದ್ದಕ್ಕಿಂತ ಚೆನ್ನಾಗಿ ಏಳುತ್ತದೆ, ಯಾಕೆಂದರೆ ಅದರ ಬೆಣ್ಣೆ ಅಷ್ಟು ತಣ್ಣಗಿರುತ್ತದೆ.

ಮೊದಲ ಬಾರಿ ಮಾಡುವವರು ಡಿಸೆಂಬರ್–ಜನವರಿಯಲ್ಲಿ ಶುರು ಮಾಡಿ. ಮಾರ್ಗಳಿಯ ತಂಪಿನಲ್ಲಿ, ಬೆಳಗ್ಗೆ ಆರಕ್ಕೆ ಹಿಟ್ಟು ಕಲಸಿದರೆ ಬೆಣ್ಣೆ ಹೇಳಿದ ಮಾತು ಕೇಳುತ್ತದೆ. ಮೊದಲಿಗೆ ಅರ್ಧ ಅಳತೆ ತೆಗೆದುಕೊಂಡು ನಾಲ್ಕೇ ಬಿಸ್ಕತ್ತು ಸುಟ್ಟು ನಿಮ್ಮ ಓವನ್ನಿನ ಬಿಸಿ ಎಷ್ಟೆಂದು ತಿಳಿದುಕೊಳ್ಳಿ. ಮೇ ತಿಂಗಳಲ್ಲಿ ತಿನ್ನಬೇಕೆನ್ನಿಸಿದರೆ ಏಪ್ರಿಲ್ ಮುಗಿಯುವುದರೊಳಗೆ ತುಂಬಿ ಫ್ರೀಜರಿನಲ್ಲಿಟ್ಟುಕೊಳ್ಳಿ.